ಜಾರದ ಕ್ಲಚ್ಚಿನ ಶೂರರು

ಬೆಂಗಳೂರಿನಿಂದ ಹಬ್ಬಕ್ಕೆ ಊರಿಗೆ ಬರುವ ನಮ್ಮ ಕಡೆಯ ಹುಡುಗರಲ್ಲಿ ಈಚೆಗೆ ಒಂದು ಹೊಸ ತಳಿ ಹುಟ್ಟಿಕೊಂಡಿದೆ. ಇವರ ಕಾರಿಗಿಂತ ಮೊದಲು ಅದರ ಸದ್ದು ಬರುತ್ತದೆ. ಸದ್ದಿನ ಹಿಂದೆ ಕಾರು, ಕಾರಿನ ಹಿಂದೆ ಓಣಿಯ ನಾಯಿಗಳು, ನಾಯಿಗಳ ಹಿಂದೆ ಚಡ್ಡಿ ಹುಡುಗರು, ಎಲ್ಲರಿಗಿಂತ ಹಿಂದೆ, ಆದರೆ ಎಂದೂ ತಪ್ಪದೆ, ಬ್ಯಾಂಕಿನ ಕಂತು. ಇಷ್ಟಕ್ಕೇ ನಿಂತಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ದುಡಿದವನು ಓಡಿಸುತ್ತಾನೆ, ಬಿಡುವಿದ್ದವನು ನೋಡುತ್ತಾನೆ. ಆದರೆ ಈ ತಳಿಯವರಿಗೆ ಕಂಪನಿ ಕೊಟ್ಟದ್ದು ಸಾಲುವುದಿಲ್ಲ. ಮೊದಲು ಇಂಜಿನ್ನಿನ ಕಂಪ್ಯೂಟರಿಗೆ ಬೇರೆ ಲೆಕ್ಕ ತುಂಬಿಸಿ ಶಕ್ತಿ ಏರಿಸುತ್ತಾರೆ. ಏರಿದ ಶಕ್ತಿಗೆ ಹಳೆಯ ಕ್ಲಚ್ಚು ಜಾರತೊಡಗುತ್ತದೆ. ಆಗ ಅದನ್ನು ಬಿಚ್ಚಿಸಿ ರೇಸಿನ ಕ್ಲಚ್ಚು ಕೂರಿಸುತ್ತಾರೆ. ಗೇರ್ ಬಾಕ್ಸ್ ಹೇಗೂ ಕೆಳಗೆ ಇಳಿದಿದೆಯಲ್ಲ ಎಂದು ಫ್ಲೈವೀಲನ್ನೂ ಹಗುರ ಮಾಡಿಸುತ್ತಾರೆ. ಹೀಗೆ ಸಿಂಗಾರಗೊಂಡ ಕಾರು ಹರಪನಹಳ್ಳಿ ತಾಲ್ಲೂಕಿನ ನಮ್ಮ ಹಲವಾಗಲಿನ ಬಸ್ ಸ್ಟ್ಯಾಂಡಿನ ಎದುರು ಮೂರು ಸಲ ಜಗ್ಗಾಡಿ, ನಾಲ್ಕನೇ ಸಲಕ್ಕೆ ಆಫ್ ಆಗಿ ನಿಲ್ಲುತ್ತದೆ.

ಆಗ ಚಹಾದಂಗಡಿಯ ಕಟ್ಟೆಯಿಂದ ಟ್ರ್ಯಾಕ್ಟರ್ ಓಡಿಸುವ ಮಾವನೊಬ್ಬ ಎದ್ದು ಬರುತ್ತಾನೆ. ಇಂಥ ಮಾವ ತುಂಗಭದ್ರೆಯ ದಂಡೆಯ ಪ್ರತಿ ಊರಿನಲ್ಲೂ ಒಬ್ಬ ಇರುತ್ತಾನೆ. ಅವನಿಗೆ ಯಾರೂ ಸಂಬಂಧಿಕರಲ್ಲ, ಎಲ್ಲರಿಗೂ ಅವನು ಮಾವ.

"ಯಾಕ ತಮ್ಮಾ, ಇಷ್ಟು ರೊಕ್ಕ ಕೊಟ್ಟು ತಂದ ಗಾಡಿ ಜಗ್ಗಾಡಾಕ ಹತ್ತೇತಲ್ಲ?"

"ರೇಸಿಂಗ್ ಕ್ಲಚ್ ಮಾವ. ಎಷ್ಟು ಪವರ್ ಕೊಟ್ರೂ ಸ್ಲಿಪ್ ಆಗೋದೇ ಇಲ್ಲ."

"ಸ್ಲಿಪ್ ಆಗಬಾರ್ದು ಅಂದ್ರ ಕ್ಲಚ್ ಯಾಕ ಹಾಕಿಸ್ದಿ? ವೆಲ್ಡಿಂಗ್ ಹೊಡಿಸಿದ್ರ ಮುಗೀತಿತ್ತಲ್ಲ."

ಹುಡುಗ ನಗುತ್ತಾನೆ. ಮಾವ ನಗುವುದಿಲ್ಲ, ಏಕೆಂದರೆ ಅವನು ಹೇಳಿದ್ದು ತಮಾಷೆಯಲ್ಲ. ಇಂಜಿನ್ನು ಬದುಕಿರಬೇಕಾದರೆ ನಿಮಿಷಕ್ಕೆ ಏಳೆಂಟುನೂರು ಸುತ್ತಾದರೂ ತಿರುಗುತ್ತಲೇ ಇರಬೇಕು. ಗಾಲಿಯೋ ನೆಲ ಹಿಡಿದು ನಿಂತಿದೆ. ತಿರುಗುವುದನ್ನು ನಿಂತದ್ದಕ್ಕೆ ಜೋಡಿಸುವ ಆ ಒಂದೆರಡು ಸೆಕೆಂಡು ಒಂದರ ಮೇಲೊಂದು ಜಾರಲೇಬೇಕು. ಆ ಜಾರಾಟವನ್ನು ಹದವಾಗಿ ಮಾಡಿ, ಹುಟ್ಟಿದ ಶಾಖವನ್ನು ನುಂಗಿ, ಮತ್ತೆ ಮುಂದಿನ ಜಾರಾಟಕ್ಕೆ ಸಿದ್ಧವಾಗಿರುವುದೇ ಕ್ಲಚ್ಚಿನ ಬಾಳು. ಪೂರ್ತಿ ಕಚ್ಚಿಕೊಂಡ ಮೇಲೆ ಅದು ಬರೀ ಸಂಬಳ ತೆಗೆದುಕೊಳ್ಳುತ್ತದೆ. ಜಾರದ ಕ್ಲಚ್ಚು ಬೇಕು ಎನ್ನುವವನು ಕ್ಲಚ್ಚಿನ ಅರ್ಧ ಕೆಲಸವನ್ನೇ ಬೇಡ ಎನ್ನುತ್ತಿದ್ದಾನೆ. ಸಾಲದ್ದಕ್ಕೆ ಅದಕ್ಕೆ ದುಪ್ಪಟ್ಟು ದುಡ್ಡನ್ನೂ ಕೊಡುತ್ತಿದ್ದಾನೆ.

ಈ ಹುಡುಗ ಹೊಟ್ಟೆಪಾಡಿಗೆ ಇರುವುದು ಎಲ್ಲಿ ಎಂಬುದನ್ನು ನೋಡೋಣ. ಟಾಮ್‌ಟಾಮ್ ಸಂಸ್ಥೆ ಜಗತ್ತಿನ ನಗರಗಳ ಸಂಚಾರ ಅಳೆದು ಪ್ರತಿವರ್ಷ ವರದಿ ಕೊಡುತ್ತದೆ. 2022ರ ಲೆಕ್ಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಿತ್ತು. ನಿಧಾನದಲ್ಲಿ ಲಂಡನ್ ಬಿಟ್ಟರೆ ನಾವೇ. ಅಂದರೆ ಗಂಟೆಗೆ 20 ಕಿ.ಮೀ. ಚಿಲ್ಲರೆ. ಮರುವರ್ಷವೇ, 2023ರ ಮೇ ತಿಂಗಳಲ್ಲಿ, ಬಿಎಂಡಬ್ಲ್ಯು ಕಂಪನಿ ಹೊಸ ಎಂ2 ಕಾರನ್ನು ಭಾರತಕ್ಕೆ ತಂದಿತು. 3 ಲೀಟರಿನ ಆರು ಸಿಲಿಂಡರ್, ಎರಡು ಟರ್ಬೊ, 460 ಅಶ್ವಶಕ್ತಿ, 550 ನ್ಯೂಟನ್ ಮೀಟರ್ ತಿರುಚುಬಲ, ಶೋರೂಮಿನ ಬೆಲೆ 98 ಲಕ್ಷ. ಕಾಲಿನಿಂದ ಕ್ಲಚ್ ತುಳಿದು ಕೈಯಿಂದ ಗೇರ್ ಹಾಕುವ ಆರು ಗೇರಿನ ಮಾದರಿಯನ್ನೂ ಕೇಳಿದವರಿಗೆ ಕೊಟ್ಟರು. ಆ ಮಾದರಿ ಸೊನ್ನೆಯಿಂದ 100 ಕಿ.ಮೀ. ವೇಗಕ್ಕೆ 4.3 ಸೆಕೆಂಡಿನಲ್ಲಿ ಏರುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅದು ಸೊನ್ನೆಯಿಂದ ಸೊನ್ನೆಗೆ ಅಷ್ಟೇ ಹೊತ್ತಿನಲ್ಲಿ ಬರುತ್ತದೆ.

ಕರ್ನಾಟಕದಲ್ಲಿ ದುಬಾರಿ ಕಾರುಗಳ ಜೀವಾವಧಿ ತೆರಿಗೆ ಶೇ. 18, ಅದರ ಮೇಲೆ ಸೆಸ್ಸು. 98 ಲಕ್ಷದ ಕಾರಿಗೆ ಕಟ್ಟುವ ತೆರಿಗೆಯಲ್ಲೇ ಹಲವಾಗಲಿನಲ್ಲಿ ಎರಡು ಹೊಸ ಟ್ರ್ಯಾಕ್ಟರ್ ಕೊಳ್ಳಬಹುದು. ಅದಕ್ಕೇ ಅನೇಕರು ಕಾರನ್ನು ಪುದುಚೇರಿಯಲ್ಲೋ ಮಹಾರಾಷ್ಟ್ರದಲ್ಲೋ ನೋಂದಾಯಿಸಿ ಬೆಂಗಳೂರಿನಲ್ಲಿ ಓಡಿಸುತ್ತಾರೆ. 2025ರ ಜುಲೈನಲ್ಲಿ ಮಹಾರಾಷ್ಟ್ರದ ನಂಬರಿನ ಫೆರಾರಿ ಎಸ್‌ಎಫ್90 ಒಂದನ್ನು ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಹಿಡಿದಾಗ ಮಾಲೀಕರು ಒಂದೇ ಏಟಿಗೆ ಸುಮಾರು 1.42 ಕೋಟಿ ರೂಪಾಯಿ ಕಟ್ಟಿ ಬಿಡಿಸಿಕೊಂಡರು. ಕಟ್ಟಲು ದುಡ್ಡು ಇತ್ತು ಎಂಬುದು ಇದರಿಂದ ಗೊತ್ತಾಯಿತು. ಆ ಸಾವಿರ ಅಶ್ವಶಕ್ತಿಯ ಕಾರಿನಲ್ಲಿ ಎರಡು ಕ್ಲಚ್ಚುಗಳಿವೆ, ಕ್ಲಚ್ ಪೆಡಲ್ ಒಂದೂ ಇಲ್ಲ. ಎಲ್ಲವನ್ನೂ ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಇನ್ನೂ ಸೊಗಸೆಂದರೆ ಅದರ ಗೇರ್ ಬಾಕ್ಸಿನಲ್ಲಿ ರಿವರ್ಸ್ ಗೇರೇ ಇಲ್ಲ. ಹಿಂದಕ್ಕೆ ಹೋಗಬೇಕಾದರೆ ವಿದ್ಯುತ್ ಮೋಟಾರು ತಿರುಗುತ್ತದೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಟ್ರಾಲಿ ಸಮೇತ ಟ್ರ್ಯಾಕ್ಟರನ್ನು ಹಿಂದುಹಿಂದಕ್ಕೆ ನೇರವಾಗಿ ಓಡಿಸುವ ಸ್ಪರ್ಧೆ ನಡೆಯುತ್ತದೆ. ಅಲ್ಲಿ ಈ ಫೆರಾರಿಯನ್ನು ಹೆಸರು ಬರೆಸಿಕೊಳ್ಳಲೂ ಬಿಡಲಿಕ್ಕಿಲ್ಲ.

ಟ್ರ್ಯಾಕ್ಟರಿನ ಮಾತು ಬಂದಿದ್ದರಿಂದ ಅಲ್ಲೇ ಸ್ವಲ್ಪ ನಿಲ್ಲುತ್ತೇನೆ, ವಿಷಯ ಅಲ್ಲೇ ಇದೆ. ನಮ್ಮ ಕಡೆ ಓಡುವ 45 ಎಚ್‌ಪಿ ಟ್ರ್ಯಾಕ್ಟರಿನ ಇಂಜಿನ್ನು ನಿಮಿಷಕ್ಕೆ 2,000 ಸುತ್ತಿನ ಆಸುಪಾಸಿನಲ್ಲಿ ಕೆಲಸ ಮುಗಿಸುತ್ತದೆ. ಎಂ2 ಕಾರಿನ ಹತ್ತನೇ ಒಂದು ಪಾಲು ಶಕ್ತಿ. ಆದರೆ ಅದರ ಕ್ಲಚ್ ಪ್ಲೇಟು ಹನ್ನೆರಡು ಇಂಚಿನ ಆಸುಪಾಸು, ಕಾರಿನದಕ್ಕಿಂತ ಅಗಲ. ಯಾಕೆಂದರೆ ಅದನ್ನು ಮಾಡಿದವನಿಗೆ ಗೊತ್ತು: ಈ ಗಾಡಿ ಮೆಕ್ಕೆಜೋಳ ತುಂಬಿದ ಟ್ರಾಲಿಯನ್ನು ಹೊಲದ ಕೆಸರಿನಿಂದ ಹಾಫ್ ಕ್ಲಚ್ಚಿನಲ್ಲೇ ಎಳೆದು ತರಬೇಕು, ದಿಣ್ಣೆಯ ಮೇಲೆ ನಿಲ್ಲಿಸಿ ಮತ್ತೆ ಎತ್ತಬೇಕು, ಮರಳಿನಲ್ಲಿ ಹೂತರೆ ಅಲ್ಲಿಂದಲೂ ಹೊರಡಬೇಕು. ಅಗಲ ಇಟ್ಟಿದ್ದು ಶಾಖ ನುಂಗಲಿಕ್ಕೆ. ಅನೇಕ ಟ್ರ್ಯಾಕ್ಟರುಗಳಲ್ಲಿ ಕ್ಲಚ್ಚೂ ಎರಡು. ಪೆಡಲ್ ಅರ್ಧ ತುಳಿದರೆ ಗಾಲಿ ನಿಲ್ಲುತ್ತದೆ, ಪೂರ್ತಿ ತುಳಿದರೆ ಹಿಂದೆ ಕಟ್ಟಿದ ಮಣ್ಣು ಹದ ಮಾಡುವ ರೂಟರೂ ನಿಲ್ಲುತ್ತದೆ. ಫೆರಾರಿಯಲ್ಲಿ ಡ್ಯುಯಲ್ ಕ್ಲಚ್ ಇದೆ ಎಂದು ಹುಡುಗ ಹೇಳಿದರೆ ಮಾವ "ನಮ್ಮದ್ರಾಗೂ ಐತಿ, ತಗೊಂಡು ಹದಿನೈದು ವರ್ಷ ಆತು" ಎನ್ನುತ್ತಾನೆ. ಒಳಗಿನ ಯಂತ್ರ ಬೇರೆಯಾದರೂ ಮಾವ ಹೇಳಿದ್ದು ಸುಳ್ಳಲ್ಲ.

ರೇಸಿನವರು ಇಂಥ ತಲೆನೋವು ಇಟ್ಟುಕೊಂಡಿಲ್ಲ, ಅದಕ್ಕೇ ಅವರ ಕ್ಲಚ್ಚು ಹಾಗಿದೆ. ಫಾರ್ಮುಲಾ ಒನ್ ಕಾರಿನ ಕಾರ್ಬನ್ ಕ್ಲಚ್ಚು ಸುಮಾರು 10 ಸೆಂ.ಮೀ. ಅಗಲ, ಅಂಗೈಯಲ್ಲಿ ಹಿಡಿಯಬಹುದು. ಅದು ನಿಂತಲ್ಲಿಂದ ಕಾರನ್ನು ಎತ್ತುವುದು ರೇಸ್ ಶುರುವಾಗುವಾಗ ಮತ್ತು ಗಾಲಿ ಬದಲಿಸಲು ನಿಂತು ಹೊರಡುವಾಗ. ಒಂದು ಭಾನುವಾರಕ್ಕೆ ಬೆರಳೆಣಿಕೆಯ ಸಲ. ಹೆಬ್ಬಾಳದ ಮೇಲ್ಸೇತುವೆ ಒಂದನ್ನೇ ದಾಟುವಷ್ಟರಲ್ಲಿ ನಮ್ಮ ಹುಡುಗ ಅಷ್ಟು ಸಲ ಕ್ಲಚ್ ಬಿಟ್ಟಿರುತ್ತಾನೆ. ರೇಸಿನ ವಸ್ತುವನ್ನು ರಸ್ತೆಗೆ ತಂದರೆ ಏನಾಗುತ್ತದೆ ಎಂದು ಪೋರ್ಶೆ ಕಂಪನಿಯೇ ಒಮ್ಮೆ ತೋರಿಸಿಕೊಟ್ಟಿದೆ. 2003ರಿಂದ 2006ರವರೆಗೆ ಮಾಡಿದ ಕರೇರಾ ಜಿಟಿ ಕಾರಿಗೆ ಅವರು 169 ಮಿ.ಮೀ. ವ್ಯಾಸದ ಪಿಂಗಾಣಿ ಮಿಶ್ರಣದ ಕ್ಲಚ್ಚು ಇಟ್ಟರು. 612 ಅಶ್ವಶಕ್ತಿಯ ಆ ಕಾರು ಗಂಟೆಗೆ 330 ಕಿ.ಮೀ. ಓಡುತ್ತಿತ್ತು. ನಿಂತಲ್ಲಿಂದ ಹೊರಡಿಸುವುದು ಮಾತ್ರ ಎಷ್ಟು ಕಷ್ಟವೆಂದರೆ, ಕಾರು ಕೊಂಡ ಕೋಟ್ಯಧಿಪತಿಗಳು ಸಿಗ್ನಲ್ಲಿನಲ್ಲಿ ಇಂಜಿನ್ ಆಫ್ ಮಾಡಿಕೊಂಡು ಬೆವರುತ್ತಿದ್ದರು. ಹೊರಡುವಾಗ ಆಕ್ಸಿಲರೇಟರ್ ಮುಟ್ಟಬೇಡಿ, ಬರೀ ಕ್ಲಚ್ ಬಿಡಿ ಎಂದು ಅವರಿಗೆ ಪಾಠ ಹೇಳಬೇಕಾಯಿತು. ಬಸ್ ಸ್ಟ್ಯಾಂಡಿನ ನಮ್ಮ ಹುಡುಗನಿಗೆ ಇದರಿಂದ ಸಮಾಧಾನ ಸಿಗಬಹುದು. ಅವನು ಒಳ್ಳೆಯ ಸಂಗದಲ್ಲೇ ಇದ್ದಾನೆ.

ಈಗ ಅಂಗಡಿಗೆ ಬರೋಣ. ಕ್ಲಚ್ ಮಾರುವವರ ಭಾಷೆ ಮೈಲಾರದ ಕಾರ್ಣಿಕದಂತೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಬಿಲ್ಲನ್ನೇರಿ ಒಂದೇ ಒಂದು ಸಾಲು ನುಡಿದು ಕೆಳಗೆ ಬೀಳುತ್ತಾನೆ. ಮಳೆಯೋ ಸರ್ಕಾರವೋ ಬೆಲೆಯೋ, ಅರ್ಥವನ್ನು ಅವರವರು ತೆಗೆದುಕೊಳ್ಳುತ್ತಾರೆ. ಇಲ್ಲೂ ಡಬ್ಬಿಯ ಮೇಲೆ ಒಂದೇ ಸಾಲು: "ಸ್ಟೇಜ್ 3." ಯಾವ ಅಳತೆಗೆ ಮೂರು, ಯಾರ ಲೆಕ್ಕಕ್ಕೆ ಮೂರು ಎಂದು ಕೇಳುವಂತಿಲ್ಲ, ಒಬ್ಬೊಬ್ಬ ತಯಾರಕನ ಮೂರು ಒಂದೊಂದು ಬಗೆ. ಗೊರವಯ್ಯನ ಮೇಲೆ ಭಕ್ತರಿಗೆ ನಂಬಿಕೆಯಾದರೂ ಇದೆ, ಅವನು ಕ್ರೆಡಿಟ್ ಕಾರ್ಡ್ ಕೇಳುವುದಿಲ್ಲ.

ಆ ಡಬ್ಬಿಯೊಳಗೆ ಇರುವ ವಿದ್ಯೆ ಬಹಳ ದೊಡ್ಡದೇನಲ್ಲ. ಒಂದು ಕ್ಲಚ್ಚು ಎಷ್ಟು ತಿರುಚುಬಲ ತಡೆದೀತು ಎಂಬುದು ನಾಲ್ಕು ಅಂಕಿಗಳ ಗುಣಾಕಾರ: ಪ್ಲೇಟಿಗೆ ಹಚ್ಚಿದ ವಸ್ತುವಿನ ಹಿಡಿತ, ಪ್ರೆಷರ್ ಪ್ಲೇಟಿನ ಒತ್ತಡ, ಪ್ಲೇಟಿನ ತ್ರಿಜ್ಯ, ಉಜ್ಜುವ ಮುಖಗಳ ಸಂಖ್ಯೆ. ಎಂ2 ಕಾರಿನ 550 ನ್ಯೂಟನ್ ಮೀಟರನ್ನೇ ತೆಗೆದುಕೊಳ್ಳಿ. ಶೇ. 30ರಷ್ಟು ಕೈಮಿಗಿಲು ಇಟ್ಟರೆ 715. ಸಾಮಾನ್ಯ ಆರ್ಗ್ಯಾನಿಕ್ ಪ್ಲೇಟಿನ ಹಿಡಿತ ಸುಮಾರು 0.3, ಸರಾಸರಿ ತ್ರಿಜ್ಯ 10 ಸೆಂ.ಮೀ., ಮುಖ ಎರಡು ಎಂದು ಹಿಡಿದು ಭಾಗಿಸಿದರೆ ಪ್ಲೇಟನ್ನು ಒತ್ತಿ ಹಿಡಿಯಲು ಸುಮಾರು 1,200 ಕಿಲೋ ಭಾರ ಬೇಕು. ಅರವತ್ತು ಕಿಲೋದ ಇಪ್ಪತ್ತು ಮೆಕ್ಕೆಜೋಳದ ಚೀಲ. ಸನ್ನೆಯ ಲೆಕ್ಕವೂ ಎಣ್ಣೆಯ ಒತ್ತಡವೂ ಸೇರಿ ಅದನ್ನು ಪಾದಕ್ಕೆ ಹಗುರ ಮಾಡುತ್ತವೆ ನಿಜ, ಆದರೆ ಮಾಯ ಮಾಡುವುದಿಲ್ಲ.

ಈ ನಾಲ್ಕರಲ್ಲಿ ಯಾವುದನ್ನು ಏರಿಸುತ್ತೀರಿ ಎಂಬುದರ ಮೇಲೆ ನಿಮ್ಮ ಮುಂದಿನ ಐದು ವರ್ಷ ನಿಂತಿದೆ. ತ್ರಿಜ್ಯ ಏರಿಸಲು ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗಿನಲ್ಲಿ ಜಾಗವಿಲ್ಲ, ಆ ಬಾಗಿಲು ಮುಚ್ಚಿದೆ. ಒತ್ತಡ ಏರಿಸುವುದು ಎಲ್ಲಕ್ಕಿಂತ ಸುಲಭ, ಅಗ್ಗ. ಅದರ ಬಿಲ್ಲು ಮಾತ್ರ ಎಡಮೊಣಕಾಲಿನ ಹೆಸರಿಗೆ ಬರುತ್ತದೆ. ರಿಲೀಸ್ ಬೇರಿಂಗ್, ಕ್ಲಚ್ಚಿನ ಸಿಲಿಂಡರು, ಕ್ರ್ಯಾಂಕಿನ ಥ್ರಸ್ಟ್ ಬೇರಿಂಗ್ ಎಲ್ಲವೂ ಆ ಹೊರೆಯಲ್ಲಿ ಪಾಲು ತೆಗೆದುಕೊಳ್ಳುತ್ತವೆ. ಹಿಡಿತ ಏರಿಸುವುದು ಶೂರರ ದಾರಿ. ಇಡೀ ಬಿಲ್ಲೆಯ ಬದಲು ನಾಲ್ಕೋ ಆರೋ ಪಿಂಗಾಣಿ ತುಂಡು ಕೂರಿಸಿದ ಪ್ಲೇಟು, ಬಿಸಿ ಎಷ್ಟಾದರೂ ಹಿಡಿತ ಬಿಡುವುದಿಲ್ಲ. ಕಚ್ಚುವಾಗಲೂ ಹಾಗೇ, ಒಂದೋ ಕಚ್ಚುತ್ತದೆ, ಇಲ್ಲವೋ ಇಲ್ಲ. ನಡುವಿನ ಹಾಫ್ ಕ್ಲಚ್ ಎಂಬ ಆ ಅರ್ಧ ಇಂಚಿನ ದಯೆ ಅದಕ್ಕೆ ಗೊತ್ತಿಲ್ಲ. ಸಾಲದ್ದಕ್ಕೆ ಫ್ಲೈವೀಲಿನ ಮುಖವನ್ನೂ ಕೆರೆದು ಹಾಕುತ್ತದೆ. ಉಳಿದದ್ದು ಮುಖಗಳ ಸಂಖ್ಯೆ. ಎರಡು ಪ್ಲೇಟು ಹಾಕಿದರೆ ನಾಲ್ಕು ಮುಖ, ಆ 1,200 ಕಿಲೋ 600ಕ್ಕೆ ಇಳಿಯುತ್ತದೆ, ಮೆತ್ತನೆಯ ಆರ್ಗ್ಯಾನಿಕ್ ವಸ್ತುವೇ ಸಾಕಾಗುತ್ತದೆ, ಪೆಡಲ್ ಮನುಷ್ಯರ ಕಾಲಿಗೆ ಒಗ್ಗುತ್ತದೆ. ಬೆಲೆ ಮಾತ್ರ ಒಗ್ಗುವುದಿಲ್ಲ. ಹುಡುಗರು ಬಹುಮಟ್ಟಿಗೆ ಒತ್ತಡ, ಹಿಡಿತ ಎರಡನ್ನೂ ಒಟ್ಟಿಗೆ ಏರಿಸುತ್ತಾರೆ, ಯಾಕೆಂದರೆ ಫೋಟೋದಲ್ಲಿ ಪಿಂಗಾಣಿ ತುಂಡಿನ ಪ್ಲೇಟು ಸುದರ್ಶನ ಚಕ್ರದಂತೆ ಕಾಣುತ್ತದೆ.

ಇನ್ನೊಂದು ತಪ್ಪು ಲೆಕ್ಕವಿದೆ. ಕ್ಲಚ್ಚಿಗೆ ಅಶ್ವಶಕ್ತಿ ಗೊತ್ತಿಲ್ಲ, ಅದಕ್ಕೆ ತಿಳಿಯುವುದು ತಿರುಚುಬಲ ಮಾತ್ರ. ಈಗಿನ ಪೋರ್ಶೆ 911 ಜಿಟಿ3 ಕಾರಿಗೆ 510 ಅಶ್ವಶಕ್ತಿ, 2023ರ ಆ ಎಂ2ಗಿಂತ ಐವತ್ತು ಹೆಚ್ಚು. ಆದರೆ ಟರ್ಬೊ ಇಲ್ಲದ ಅದರ ಇಂಜಿನ್ನಿನ ತಿರುಚುಬಲ 450 ನ್ಯೂಟನ್ ಮೀಟರ್, ನೂರು ಕಡಿಮೆ. ಕುದುರೆ ಹೆಚ್ಚಿರುವ ಕಾರಿಗೇ ಇಲ್ಲಿ ಮೆತ್ತನೆಯ ಕ್ಲಚ್ಚು ಸಾಕು. ಟರ್ಬೊ ಕಾರಿನ ಕಂಪ್ಯೂಟರು ತಿದ್ದಿದವರು ಕಡಿಮೆ ಸುತ್ತಿನಲ್ಲೇ ತಿರುಚುಬಲವನ್ನು ಧುತ್ತೆಂದು ಏರಿಸಿಟ್ಟಿರುತ್ತಾರೆ, ಕ್ಲಚ್ಚು ಜಾರುವುದು ಅಲ್ಲಿ. ಆ ಏರಿಕೆಯನ್ನು ಕೊಂಚ ಸಾವಕಾಶ ಮಾಡಿ ಎಂದು ಟ್ಯೂನರನಿಗೆ ಹೇಳಿದರೆ ಅದೆಷ್ಟೋ ಜನರ ಹಳೆಯ ಕ್ಲಚ್ಚೇ ಉಳಿದೀತು. ಯಾರೂ ಹೇಳುವುದಿಲ್ಲ. ಶಕ್ತಿ ಕಡಿಮೆ ಮಾಡಿಸಿದೆ ಎಂದು ಗೆಳೆಯರ ಮುಂದೆ ಹೇಗೆ ಹೇಳುವುದು?

ಫ್ಲೈವೀಲಿನ ಕಥೆ ಇದಕ್ಕಿಂತ ರುಚಿ. ನದಿಯಿಂದ ಗದ್ದೆಗೆ ನೀರೆತ್ತುತ್ತಿದ್ದ ಹಳೆಯ ಆಯಿಲ್ ಇಂಜಿನ್ನುಗಳನ್ನು ಕಂಡವರಿಗೆ ಫ್ಲೈವೀಲಿನ ಪರಿಚಯ ಮಾಡಿಸಬೇಕಿಲ್ಲ. ಒಂದೇ ಸಿಲಿಂಡರು, ಎರಡು ಸುತ್ತಿಗೆ ಒಂದು ಸಲ ಉರಿಯುತ್ತದೆ. ಉಳಿದ ಒಂದೂವರೆ ಸುತ್ತು ಇಂಜಿನ್ನನ್ನು ದಾಟಿಸುವುದು ಪಕ್ಕದಲ್ಲಿ ತಿರುಗುವ ಆ ಕಪ್ಪು ಕಬ್ಬಿಣದ ಚಕ್ರದ ಭಾರ. ಹ್ಯಾಂಡಲ್ ಹಾಕಿ ತಿರುವಿ ಅದರ ಭಾರವನ್ನು ತೋಳಿನಲ್ಲಿ ಉಂಡವರು ಯಾರೂ ಫ್ಲೈವೀಲನ್ನು ಅನವಶ್ಯಕ ತೂಕ ಎಂದು ಹೇಳಲಾರರು. ಕಾರಿನ ನಾಲ್ಕು ಸಿಲಿಂಡರಿಗೆ ಸುತ್ತಿಗೆ ಎರಡು ಉರಿ, ಆರು ಸಿಲಿಂಡರಿಗೆ ಮೂರು. ಆದ್ದರಿಂದ ಅಷ್ಟು ದೊಡ್ಡ ಚಕ್ರ ಬೇಡ, ಚಕ್ರವೇ ಬೇಡ ಎಂದಲ್ಲ.

ಹಗುರ ಮಾಡಿದರೆ ಸಿಗುವ ಲಾಭವನ್ನು ಲೆಕ್ಕ ಹಾಕಿ ನೋಡಬಹುದು. ಮಧ್ಯದಿಂದ ಹನ್ನೆರಡು ಸೆಂ.ಮೀ. ದೂರದಲ್ಲಿರುವ ನಾಲ್ಕು ಕಿಲೋ ಕಬ್ಬಿಣ ತೆಗೆದಿರಿ ಎನ್ನಿ. ಮೊದಲ ಗೇರಿನಲ್ಲಿ ಇಂಜಿನ್ನು ಗಾಲಿಗಿಂತ ಹದಿನಾಲ್ಕು ಪಟ್ಟು ವೇಗವಾಗಿ ತಿರುಗುತ್ತಿದ್ದರೆ, ಆ ನಾಲ್ಕು ಕಿಲೋ ತೆಗೆದದ್ದು ಕಾರಿನಿಂದ ಸುಮಾರು 110 ಕಿಲೋ ಇಳಿಸಿದ್ದಕ್ಕೆ ಸಮ. ಇಬ್ಬರು ಹೆಂಗಸರನ್ನು ಹಿಂದಿನ ಸೀಟಿನಿಂದ ಇಳಿಸಿದ ಹಾಗೆ ಎಂದು ಬರೆಯಹೊರಟಿದ್ದೆ, ಮನೆಯಲ್ಲಿ ಓದುತ್ತಾರೆ. ಇರಲಿ. ಮೇಲಿನ ಗೇರಿನಲ್ಲಿ ಅದೇ ಲಾಭ ಕೆಲವೇ ಕಿಲೋ. ಅಂದರೆ ಹೆದ್ದಾರಿಯಲ್ಲಿ ಹಗುರ ಫ್ಲೈವೀಲಿನಿಂದ ಪ್ರಯೋಜನ ಇಲ್ಲವೇ ಇಲ್ಲ. ಪ್ರಯೋಜನ ಇರುವುದು ಮೊದಲ ಗೇರಿನಲ್ಲಿ. ರಸ್ತೆಯಲ್ಲಿ ಓಡಿಸುವವನಿಗೆ ಭಾರ ಬೇಕಾಗಿರುವುದೂ ಅದೇ ಮೊದಲ ಗೇರಿನಲ್ಲಿ, ಹಂಪ್ಸ್ ದಾಟುವಾಗ, ಎಮ್ಮೆ ದಾಟುವಾಗ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪುಸ್ತಕದ ಪ್ರಕಾರ ಹಂಪ್ಸ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು, 25 ಕಿ.ಮೀ. ವೇಗದಲ್ಲಿ ದಾಟುವಂತಿರಬೇಕು. ನಮ್ಮ ತಾಲ್ಲೂಕಿನ ಹಂಪ್ಸುಗಳನ್ನು ಊರಿನವರೇ ಸಿಟ್ಟಿನಲ್ಲಿ ಹಾಕಿರುತ್ತಾರೆ, ಅವಕ್ಕೆ ಪುಸ್ತಕವಿಲ್ಲ. ಅದರ ಮೇಲೆ ಮುಂದಿನ ಗಾಲಿ ಏರಿ ನಿಂತಾಗ ಹಗುರ ಫ್ಲೈವೀಲಿನ ಇಂಜಿನ್ನು ಉಸಿರು ಬಿಡುತ್ತದೆ. ಆಫ್ ಆಗಬಾರದೆಂದು ಹುಡುಗ ಇಂಜಿನ್ನನ್ನು ಕೂಗಿಸುತ್ತಾನೆ. ಕೂಗಿಸಿದಷ್ಟೂ ಕ್ಲಚ್ಚು ಜಾರಬೇಕಾದ ಹೊತ್ತು ಹೆಚ್ಚು. ಗಾಡಿ 10 ಕಿ.ಮೀ. ವೇಗ ಮುಟ್ಟುವವರೆಗೆ ಜಾರುವ ಬದಲು 15ರವರೆಗೆ ಜಾರಿದರೆ ಶಾಖ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ಆ ಶಾಖವನ್ನು ಹೀರಿಕೊಳ್ಳಬೇಕಾದ ಕಬ್ಬಿಣವನ್ನು ಅವನು ಮೊದಲೇ ತೆಗೆಸಿ ಗುಜರಿಗೆ ಕೊಟ್ಟಿದ್ದಾನೆ. ಜಾರದ ಕ್ಲಚ್ಚನ್ನು ಹೆಚ್ಚು ಜಾರಿಸುವಂಥ ಫ್ಲೈವೀಲು. ಇಂಥ ಜೋಡಿಯನ್ನು ಜಾತಕ ನೋಡಿ ಕೂಡಿಸಲೂ ಕಷ್ಟ.

ತೆಗೆಸಿದ್ದು ಎಲ್ಲಿ ಎಂದು ಕೇಳಿದರೆ ಕೆಲವರು ಲೇಥ್ ಅಂಗಡಿಯ ಹೆಸರು ಹೇಳುತ್ತಾರೆ. ಇಲ್ಲಿ ಒಂದು ಕ್ಷಣ ನಗು ನಿಲ್ಲಿಸುತ್ತೇನೆ. ಕಂಪನಿಯ ಬೀಡುಕಬ್ಬಿಣದ ಫ್ಲೈವೀಲನ್ನು ಮನಸ್ಸಿಗೆ ಬಂದಲ್ಲಿ ಕೆತ್ತಿಸಿದರೆ ಅದು ಹಗುರವಾಗುತ್ತದೆ, ಜೊತೆಗೆ ಸೊರಗುತ್ತದೆ. ಸುತ್ತು ಎರಡು ಪಟ್ಟಾದರೆ ಅದನ್ನು ಸಿಡಿಸುವ ಸೆಳೆತ ನಾಲ್ಕು ಪಟ್ಟಾಗುತ್ತದೆ. ಏಳು ಸಾವಿರ ಸುತ್ತಿನಲ್ಲಿ ಬೀಡುಕಬ್ಬಿಣ ಒಡೆದರೆ ಚೂರು ಬರುವ ದಾರಿಯಲ್ಲಿ ಓಡಿಸುವವನ ಪಾದಗಳಿವೆ. ರೇಸಿನಲ್ಲಿ ಅದಕ್ಕೆಂದೇ ಉಕ್ಕಿನ ಗುರಾಣಿ ಹಾಕಿಸುತ್ತಾರೆ. ಲೇಥ್ ಮೇಸ್ತ್ರಿಯ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ. ಅವರು ಬೋರ್‌ವೆಲ್ ಮೋಟಾರಿನ ಶಾಫ್ಟ್ ತಿದ್ದಿ ಎಷ್ಟೋ ಬೆಳೆ ಉಳಿಸಿದವರು. ಆದರೆ ಬೋರ್‌ವೆಲ್ಲಿನ ಮೇಲೆ ಯಾರೂ ಕೂತು ಹೋಗುವುದಿಲ್ಲ. ಹಗುರ ಫ್ಲೈವೀಲೇ ಬೇಕೆಂದರೆ ಅದಕ್ಕೆಂದೇ ಉಕ್ಕಿನ ಗಟ್ಟಿಯಿಂದ ತೆಗೆದದ್ದನ್ನು ಕೊಳ್ಳಲಿ, ದುಡ್ಡು ಉಳಿಸಲು ಬೇರೆ ಜಾಗ ಹುಡುಕಲಿ.

ಈಗಿನ ಬಹುಪಾಲು ದೊಡ್ಡ ಕಾರುಗಳಲ್ಲಿ ಇರುವುದು ಡ್ಯುಯಲ್ ಮಾಸ್ ಫ್ಲೈವೀಲು. ಎರಡು ಚಕ್ರ, ನಡುವೆ ಸ್ಪ್ರಿಂಗು. ಇಂಜಿನ್ನಿನ ಒಂದೊಂದು ಉರಿಯ ಗುದ್ದನ್ನೂ ಆ ಸ್ಪ್ರಿಂಗು ತಿಂದು, ಗೇರ್ ಬಾಕ್ಸಿಗೆ ನಯವಾದ ತಿರುಗಾಟ ಮಾತ್ರ ಕಳಿಸುತ್ತದೆ. ಹತ್ತು ಹದಿನೈದು ಕಿಲೋ ತೂಕ, ಸವೆದರೆ ರಿಪೇರಿ ಇಲ್ಲ, ಹೊಸದಕ್ಕೆ ಬೆಲೆ ಕೇಳಿದರೆ ಕೂರಬೇಕಾಗುತ್ತದೆ. ಹೀಗಾಗಿ ಅದನ್ನು ತೆಗೆದು ಒಂಟಿ ಚಕ್ರ ಹಾಕಿಸುವವರಿಗೆ ನನ್ನ ಅರ್ಧ ಸಹಾನುಭೂತಿ ಇದೆ. ಮಿಕ್ಕರ್ಧ ಇಲ್ಲದಿರುವುದಕ್ಕೆ ಕಾರಣ, ಅವರು ಜೊತೆಗೆ ಹಳೆಯ ನಮೂನೆಯ ಪ್ಲೇಟನ್ನೇ ತರಿಸುತ್ತಾರೆ. ಡ್ಯುಯಲ್ ಮಾಸ್ ಇರುವ ಅನೇಕ ಕಾರುಗಳಲ್ಲಿ ಸ್ಪ್ರಿಂಗ್ ಫ್ಲೈವೀಲಿನಲ್ಲೇ ಇರುವುದರಿಂದ ಕ್ಲಚ್ ಪ್ಲೇಟಿನಲ್ಲಿ ಸ್ಪ್ರಿಂಗ್ ಇರುವುದಿಲ್ಲ. ಫ್ಲೈವೀಲು ಹೋಯಿತು, ಪ್ಲೇಟಿನಲ್ಲಿ ಮೊದಲೇ ಇರಲಿಲ್ಲ. ಇಡೀ ಗಾಡಿಯಲ್ಲಿ ಇನ್ನು ಗುದ್ದು ತಿನ್ನುವುದಕ್ಕೆ ಉಳಿದವರು ಗೇರಿನ ಹಲ್ಲುಗಳು ಮತ್ತು ಪಕ್ಕದಲ್ಲಿ ಕೂತ ಹೆಂಡತಿ. ನ್ಯೂಟ್ರಲ್ಲಿನಲ್ಲಿ ನಿಂತಾಗ ಗೇರ್ ಬಾಕ್ಸಿನಿಂದ ಕಟಕಟ ಸದ್ದು ಹೊರಡುತ್ತದೆ. ಅದನ್ನು ಕೇಳಿ ಟ್ರ್ಯಾಕ್ಟರ್ ಮಾವ "ಬೇರಿಂಗ್ ಹೋಗೇತಿ" ಎನ್ನುತ್ತಾನೆ. ಹುಡುಗ "ಅದು ರೇಸ್ ಸೌಂಡ್" ಎನ್ನುತ್ತಾನೆ. ಇಬ್ಬರಲ್ಲಿ ಒಬ್ಬನು ತಿಂಗಳೊಳಗೆ ಸರಿಯಾಗುತ್ತಾನೆ.

ಸ್ಪ್ರಿಂಗಿನ ಬೆಲೆ ಹರಪನಹಳ್ಳಿ ತಾಲ್ಲೂಕಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ನಮ್ಮನ್ನು ಬಳ್ಳಾರಿಯಿಂದ ಬಿಡಿಸಿ ಅಲ್ಲಿಗೆ ಜೋಡಿಸಿದರು. ಬಳ್ಳಾರಿಗೆ ಸಿಕ್ಕ ಸಂವಿಧಾನದ 371ಜೆ ವಿಧಿಯ ಸವಲತ್ತು ನಮಗೆ ತಪ್ಪಿತೆಂದು ವರ್ಷಗಟ್ಟಲೆ ಕೂಗಿದ ಮೇಲೆ 2018ರಲ್ಲಿ ಮತ್ತೆ ಬಳ್ಳಾರಿಗೆ. ಉಸಿರು ಬಿಡುವಷ್ಟರಲ್ಲಿ 2021ರಲ್ಲಿ ವಿಜಯನಗರಕ್ಕೆ. ಮೂರು ಸಲ ಗೇರ್ ಬದಲಾಯಿತು, ಒಂದು ಸಲವೂ ಕ್ಲಚ್ ತುಳಿಯಲಿಲ್ಲ, ಗಾಡಿ ಇದ್ದಲ್ಲೇ ಇದೆ. ಬೋರ್ಡು ಬರೆಯುವವರಿಗೆ ಮಾತ್ರ ಕೈತುಂಬ ಕೆಲಸ ಸಿಕ್ಕಿತು.

ಹಾಗಾದರೆ ಶಕ್ತಿ ಇರುವ ಕಾರು, ಕಾಲಿನ ಕ್ಲಚ್ಚು, ದಿನಬಳಕೆ, ಮೂರೂ ಬೇಕೆನ್ನುವವನು ಏನು ಹಾಕಿಸಬೇಕು? ಉತ್ತರ ಬೇಸರ ಬರುವಷ್ಟು ಸಾದಾ ಇದೆ, ಅದಕ್ಕೇ ಯಾರೂ ಅದರ ಫೋಟೋ ಹಾಕುವುದಿಲ್ಲ. ಇಡೀ ಮುಖಕ್ಕೆ ಆರ್ಗ್ಯಾನಿಕ್ ಹಚ್ಚಿದ, ನಡುವೆ ಸ್ಪ್ರಿಂಗ್ ಇರುವ ಪ್ಲೇಟು. ಇಂಜಿನ್ನಿನ ನಿಜವಾದ ತಿರುಚುಬಲಕ್ಕಿಂತ ಕಾಲುಭಾಗ ಹೆಚ್ಚು ತಡೆಯುವ ಪ್ರೆಷರ್ ಪ್ಲೇಟು, ಎರಡು ಪಟ್ಟು ತಡೆಯುವುದಲ್ಲ. ಅಷ್ಟಕ್ಕೂ ಮೀರಿದ ಶಕ್ತಿ ಇದ್ದರೆ ಆರ್ಗ್ಯಾನಿಕ್ಕಿನದೇ ಎರಡು ಪ್ಲೇಟಿನ ಸೆಟ್ಟು. ಫ್ಲೈವೀಲು ಕಂಪನಿಯದೇ ಇರಲಿ. ಅದು ಹೋಗಿದ್ದರೆ ಮಧ್ಯಮ ತೂಕದ ಉಕ್ಕಿನದು. ಗೇರ್ ಬಾಕ್ಸ್ ಇಳಿಸಿದಾಗಲೇ ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಮೂರನ್ನೂ ಬದಲಿಸಿಬಿಡಬೇಕು. ನಾಲ್ಕುನೂರು ರೂಪಾಯಿಯ ಸೀಲ್ ಉಳಿಸಿದವನ ಹೊಸ ಕ್ಲಚ್ಚು ಎಣ್ಣೆಯಲ್ಲಿ ಮುಳುಗಿ, ಅದೇ ಗೇರ್ ಬಾಕ್ಸ್ ಮತ್ತೆ ಇಳಿಯುವುದನ್ನು ಎಲ್ಲ ಗ್ಯಾರೇಜುಗಳೂ ಸಂತೋಷದಿಂದ ಕಂಡಿವೆ. ಮತ್ತೆ, ತೀರಾ ಜೋರು ಬಿದ್ದಾಗ ಈ ಕ್ಲಚ್ಚು ಒಂದಿಷ್ಟು ಜಾರಿದರೆ ಜಾರಲಿ. ಜಾರದಿದ್ದರೆ ಆ ಹೊಡೆತ ಗೇರ್ ಬಾಕ್ಸಿಗೆ, ಅಲ್ಲಿಂದ ಆಕ್ಸಲ್ಲಿಗೆ ಹೋಗುತ್ತದೆ. ಆ ಎರಡರ ಮುಂದೆ ಕ್ಲಚ್ ಪ್ಲೇಟು ಅಗ್ಗದ ವಸ್ತು.

ಕೊನೆಗೆ ಉಳಿಯುವುದು ಪಳಗಿಸುವ ಕೆಲಸ. ಹೊಸ ಆರ್ಗ್ಯಾನಿಕ್ ಕ್ಲಚ್ಚನ್ನು ಮೊದಲ 800 ಕಿ.ಮೀ. ಹದವಾಗಿ, ನಿಂತು ಹೊರಟು, ನಿಂತು ಹೊರಟು ಓಡಿಸಿ ಎಂದು ತಯಾರಕರು ಹೇಳುತ್ತಾರೆ. ಹುಡುಗರು ಇದನ್ನು ಓದಿ ಬೆಂಗಳೂರಿನಿಂದ ಹಲವಾಗಲಿಗೆ, ಹಲವಾಗಲಿನಿಂದ ಬೆಂಗಳೂರಿಗೆ ಓಡಿಸಿ 600 ಕಿ.ಮೀ. ಮುಗಿಯಿತು ಎಂದುಕೊಳ್ಳುತ್ತಾರೆ. ಮುಗಿದಿರುವುದಿಲ್ಲ. ತುಮಕೂರು ದಾಟಿ ಆರನೇ ಗೇರು ಹಾಕಿದ ಮೇಲೆ ಚಿತ್ರದುರ್ಗದವರೆಗೆ ಕ್ಲಚ್ಚು ಕಚ್ಚಿಕೊಂಡು ನಿದ್ದೆ ಮಾಡಿರುತ್ತದೆ. ಲೆಕ್ಕಕ್ಕೆ ಬರುವುದು ಕಿಲೋಮೀಟರಲ್ಲ, ಎಷ್ಟು ಸಲ ತುಳಿದು ಬಿಟ್ಟಿರಿ ಎಂಬುದು. ಈ ಒಂದು ವಿಷಯದಲ್ಲಿ ನಮ್ಮ ರಾಜಧಾನಿಗೆ ಜಗತ್ತಿನಲ್ಲಿ ಸಾಟಿಯಿಲ್ಲ. ಜರ್ಮನಿಯವರು ಹೊಸ ಕ್ಲಚ್ಚನ್ನು ಪರೀಕ್ಷಿಸಲು ಪ್ರಯೋಗಾಲಯ ಕಟ್ಟಬೇಕು. ನಮ್ಮಲ್ಲಿ ಹೊರವರ್ತುಲ ರಸ್ತೆ ಇಪ್ಪತ್ತನಾಲ್ಕು ಗಂಟೆ ತೆರೆದಿರುತ್ತದೆ, ಪ್ರವೇಶ ಉಚಿತ. ಗಂಟೆಗೆ 20 ಕಿ.ಮೀ. ಲೆಕ್ಕದಲ್ಲಿ 800 ಕಿ.ಮೀ.ಗೆ ನಲವತ್ತು ಗಂಟೆ, ಆಫೀಸಿಗೆ ಹೋಗಿ ಬರುವುದರಲ್ಲೇ ತಿಂಗಳೊಳಗೆ ಆಗಿಬಿಡುತ್ತದೆ. ಆ ಹೊತ್ತಿಗೆ ಕ್ಲಚ್ಚು ಬೆಣ್ಣೆಯಂತೆ ಪಳಗಿರುತ್ತದೆ, ಮತ್ತು ಕಾರು ಮಾರಾಟದ ಜಾಹೀರಾತಿನಲ್ಲಿ ಇರುತ್ತದೆ: ಒಬ್ಬರೇ ಮಾಲೀಕರು, ಹೊಸ ಕ್ಲಚ್, ಹೊಸ ಫ್ಲೈವೀಲ್, ಯಾವ ತೊಂದರೆಯೂ ಇಲ್ಲ, ಮಾರುವ ಕಾರಣ ಆಟೋಮ್ಯಾಟಿಕ್ ಕೊಳ್ಳುವುದಿದೆ.